ಬಾಯಿ ಒಂದೇ, ಒಳಗಿನ ತಂತಿ ಬೇರೆ: ಪೋರ್ಟಬಲ್ ಮಾನಿಟರ್ ಜೋಡಿಸುವ ಬಗೆ, ಹಂತ ಹಂತವಾಗಿ

ಗಣೇಶ ಹಬ್ಬ ಮುಗಿದು ನೆಂಟರೆಲ್ಲ ಹೊರಟ ಮರುದಿನ ನನ್ನ ಪೋರ್ಟಬಲ್ ಮಾನಿಟರ್ ಕೆಟ್ಟಿತು. ಕೆಟ್ಟಿತು ಅಂತ ನಾನು ತಿಳಿದುಕೊಂಡೆ. ಶಿರಸಿ ಕಡೆಯ ಹಳ್ಳಿಮನೆಯಲ್ಲಿ ಕೂತು ಅನುವಾದ ಮಾಡುವವನಿಗೆ ಎರಡನೆಯ ಪರದೆ ಇಲ್ಲದಿದ್ದರೆ ಕೈ ಕಟ್ಟಿದ ಹಾಗೆ. ಒಂದರಲ್ಲಿ ಮೂಲ ತೆರೆದಿರಬೇಕು, ಇನ್ನೊಂದರಲ್ಲಿ ಕನ್ನಡ. ಹಬ್ಬದ ಹಿಂದಿನ ದಿನದವರೆಗೂ ಒಂದೇ ಕೇಬಲ್ ಸಿಕ್ಕಿಸಿದರೆ ಬೆಳಕೂ ಬರುತ್ತಿತ್ತು, ಚಿತ್ರವೂ ಬರುತ್ತಿತ್ತು. ಅವತ್ತು ಬೆಳಕು ಬಂತು, ಕಂಪನಿಯ ಲಾಂಛನ ಬಂತು, ಆಮೇಲೆ ‘ನೋ ಸಿಗ್ನಲ್’ ಎಂದು ತೋರಿಸಿ ಪರದೆ ಕಪ್ಪಾಯಿತು.

ಎರಡು ದಿನ ಲ್ಯಾಪ್‌ಟಾಪಿನ ಡ್ರೈವರ್ ತೆಗೆದು ಹಾಕಿದೆ, ಹಾಕಿ ತೆಗೆದೆ. ಮೂರನೆಯ ದಿನ ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ತಿರುಗಿಸಿ ಮುರುಗಿಸಿ ನೋಡಿ, “ಬೋರ್ಡ್ ಹೋಗಿದೆ ಸಾರ್, ನಾಲ್ಕು ಸಾವಿರ ಆಗ್ತದೆ” ಅಂದ. ಆಯ್ತು ಅನ್ನುವಷ್ಟರಲ್ಲಿ ಅಕ್ಕನ ಮಗನ ಫೋನು. “ಮಾವಾ, ನನ್ನ ಬ್ಯಾಗಲ್ಲಿ ನಿನ್ನ ಕಪ್ಪು ಕೇಬಲ್ ಬೈಂದು. ನಂದು ಅಲ್ಲೇ ಉಳದ್ದಾ?”

ಉಳಿದಿತ್ತು. ಅವನ ಫೋನ್ ಚಾರ್ಜ್ ಮಾಡುವ ಬಿಳಿ ಕೇಬಲ್ಲನ್ನೇ ನಾನು ಮೂರು ದಿನದಿಂದ ಮಾನಿಟರಿಗೆ ಸಿಕ್ಕಿಸುತ್ತಿದ್ದೆ. ಎರಡರ ಬಾಯಿಯೂ ಒಂದೇ ಆಕಾರ, ಎರಡೂ ‘ಟಕ್’ ಎಂದು ಕೂರುತ್ತಿದ್ದವು. ಚಿತ್ರ ಒಯ್ಯುವ ತಂತಿ ಮಾತ್ರ ಬಿಳಿ ಕೇಬಲ್ಲಿನೊಳಗೆ ಇರಲಿಲ್ಲ.

ಆಮೇಲೆ ಪರಿಚಯದವರ ಐದಾರು ಮಾನಿಟರುಗಳ ದೂರು ಕೇಳಿ, ಜೋಡಿಸಿ, ಬಿಡಿಸಿ ನೋಡಿದ್ದೇನೆ. ನಿಜವಾಗಿ ಕೆಟ್ಟದ್ದು ಒಂದೇ. ಉಳಿದವುಗಳಲ್ಲಿ ತಪ್ಪು ಇದ್ದದ್ದು ಕೇಬಲ್ಲಿನಲ್ಲಿ, ಚಾರ್ಜರಿನಲ್ಲಿ, ಇಲ್ಲವೇ ಲ್ಯಾಪ್‌ಟಾಪಿನ ಪೋರ್ಟಿನಲ್ಲಿ. ಹಾಗಾಗಿ ರಿಪೇರಿ ಅಂಗಡಿಗೆ ಹೊರಡುವ ಮೊದಲು ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ ನೋಡಿ. ಒಂದು ನಿಯಮ ಪಾಲಿಸಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಕೇಬಲ್, ಚಾರ್ಜರ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮಾನಿಟರ್ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಹಂತ 1: ಯಾವ ಪೋರ್ಟ್ ಎಲ್ಲಿದೆ, ನೋಡಿ ಬರೆದಿಡಿ

ಮೆತ್ತಗಿನ ಬಟ್ಟೆಯ ಮೇಲೆ ಮಾನಿಟರನ್ನು ಬೋರಲು ಮಲಗಿಸಿ ಮೊಬೈಲ್ ಟಾರ್ಚಿನಲ್ಲಿ ಅಂಚುಗಳನ್ನು ನೋಡಿ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ 15.6 ಇಂಚಿನ ಮಾನಿಟರುಗಳಲ್ಲಿ ಸಾಮಾನ್ಯವಾಗಿ ಎರಡು ಯುಎಸ್‌ಬಿ-ಸಿ ಪೋರ್ಟು, ಒಂದು ಮಿನಿ ಎಚ್‌ಡಿಎಂಐ, ಒಂದು ಹೆಡ್‌ಫೋನ್ ಪೋರ್ಟು ಇರುತ್ತವೆ. ಎರಡು ಸಿ ಪೋರ್ಟುಗಳ ನಡುವೆ ಪಂಕ್ತಿಭೇದ ಇರಬಹುದು, ಹುಷಾರು. ಕೆಲವು ಮಾದರಿಗಳಲ್ಲಿ ಎರಡೂ ಸಮಾನ. ಇನ್ನು ಕೆಲವದರಲ್ಲಿ ಒಂದಕ್ಕೆ ವಿದ್ಯುತ್ ಮಾತ್ರ ಹೋಗುತ್ತದೆ, ಚಿತ್ರ ಇನ್ನೊಂದಕ್ಕೇ ಬರಬೇಕು. ಪೋರ್ಟಿನ ಪಕ್ಕದಲ್ಲಿ ಅಚ್ಚಾದ ಅಕ್ಷರ ಇರುವೆ ತಲೆಯಷ್ಟಿರುತ್ತದೆ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿ. ‘ಪಿಡಿ’ ಎಂದೋ ಪ್ಲಗ್ಗಿನ ಚಿತ್ರವೋ ಇದ್ದರೆ ಅದು ವಿದ್ಯುತ್ತಿನದು.

ಲ್ಯಾಪ್‌ಟಾಪಿನ ಎರಡೂ ಬದಿಯನ್ನು ಹೀಗೇ ನೋಡಿ. ಏನೇನು ಇದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ಹಂತ 2: ಮೊದಲು ಕರೆಂಟು

ಲ್ಯಾಪ್‌ಟಾಪನ್ನು ದೂರ ಇಡಿ. ಮಾನಿಟರಿಗೆ ಗೋಡೆಯ ಚಾರ್ಜರಿನಿಂದ ಮಾತ್ರ ವಿದ್ಯುತ್ ಕೊಟ್ಟು, ಬಟನ್ ಒತ್ತಿ, ಏನಾಗುತ್ತದೆ ನೋಡಿ.

ಲಾಂಛನ ಬಂದು, ‘ನೋ ಸಿಗ್ನಲ್’ ಎಂದು ತೋರಿಸಿ, ಪರದೆ ಕಪ್ಪಾದರೆ ಸಂತೋಷಪಡಿ. ಪರದೆ ಜೀವಂತ ಇದೆ, ಬೆಳಕಿದೆ, ಅಕ್ಷರ ಮೂಡಿಸುವ ಶಕ್ತಿಯಿದೆ. ಎಲ್ಲಿಂದಲೂ ಚಿತ್ರ ಬರುತ್ತಿಲ್ಲ ಎಂದಷ್ಟೇ ಅದು ಹೇಳುತ್ತಿದೆ. ನಾನು ಈ ಸಂದೇಶ ನೋಡಿಯೇ ಗಾಬರಿಯಾಗಿ ಅಂಗಡಿಗೆ ಓಡಿದ್ದೆ.

ಲಾಂಛನ ಬಂದು, ಹೋಗಿ, ಮತ್ತೆ ಬಂದು ಹೋಗುತ್ತಿದ್ದರೆ ಮಾನಿಟರಿಗೆ ವಿದ್ಯುತ್ ಸಾಲುತ್ತಿಲ್ಲ. ಬ್ರೈಟ್‌ನೆಸ್ ಏರಿಸಿದ ಕೂಡಲೇ ಆಫ್ ಆಗುವುದೂ ಇದೇ ಜಾತಿಯ ತೊಂದರೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. 15.6 ಇಂಚಿನ ಮಾನಿಟರಿಗೆ ಮಧ್ಯಮ ಬೆಳಕಿನಲ್ಲಿ ಸುಮಾರು 8ರಿಂದ 10 ವ್ಯಾಟ್ ಬೇಕು, ಬೆಳಕು ಏರಿದಂತೆ ಇನ್ನೂ ಹೆಚ್ಚು. ಲ್ಯಾಪ್‌ಟಾಪಿನ ಹಳೆಯ ಚಪ್ಪಟೆ ಯುಎಸ್‌ಬಿ ಪೋರ್ಟು, ಅಂದರೆ ಪೆನ್‌ಡ್ರೈವ್ ಹಾಕುವಂಥದ್ದು, ಯುಎಸ್‌ಬಿ 2.0 ಆದರೆ ನಿಯಮದ ಪ್ರಕಾರ 5 ವೋಲ್ಟಿನಲ್ಲಿ ಅರ್ಧ ಆಂಪ್ ಕೊಡಬೇಕು. ಅದು 2.5 ವ್ಯಾಟ್ ಆಯಿತು. ಒಳಗೆ ನೀಲಿ ಬಣ್ಣವಿರುವ ಯುಎಸ್‌ಬಿ 3.0 ಆದರೆ 0.9 ಆಂಪ್, ಅಂದರೆ 4.5 ವ್ಯಾಟ್. ಎರಡೂ ಸಾಲವು. ಡಬ್ಬಿಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿನ 1 ಆಂಪ್ ಚಾರ್ಜರ್ ಕೊಡುವುದು 5 ವ್ಯಾಟ್. ಅದೂ ಸಾಲದು.

ಚಾರ್ಜರಿನ ಹೊಟ್ಟೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಔಟ್‌ಪುಟ್’ ಎಂಬ ಸಾಲು ಇರುತ್ತದೆ. ಅಲ್ಲಿ 5 ವೋಲ್ಟಿನ ಎದುರು 3 ಆಂಪ್ ಎಂದಿದ್ದರೆ 15 ವ್ಯಾಟ್ ಸಿಗುತ್ತದೆ, ಬಹುಪಾಲು ಮಾನಿಟರುಗಳಿಗೆ ಸಾಕು. ಪವರ್ ಡೆಲಿವರಿ ಎಂಬ ಸಾಮಾನ್ಯ ಪದ್ಧತಿಯ ಚಾರ್ಜರ್ 5, 9, 15, 20 ವೋಲ್ಟ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೊಡಬಲ್ಲದು. ಎಷ್ಟು ಬೇಕು ಎಂದು ಸಾಧನ ಕೇಳುತ್ತದೆ, ಚಾರ್ಜರ್ ಅಷ್ಟೇ ಕೊಡುತ್ತದೆ. ಹಾಗಾಗಿ 65 ವ್ಯಾಟಿನ ಒಳ್ಳೆಯ ಚಾರ್ಜರ್ ಹಾಕಿದರೆ ಮಾನಿಟರ್ ಸುಟ್ಟೀತು ಎಂಬ ಹೆದರಿಕೆ ಬೇಡ. ಆದರೆ ಕೆಲವು ಫೋನ್ ಕಂಪನಿಗಳ ‘ಫಾಸ್ಟ್ ಚಾರ್ಜರ್’ ವಿಷಯ ಬೇರೆ. ಮೇಲೆ 33, 67 ಎಂದೆಲ್ಲ ದೊಡ್ಡ ಅಂಕಿ ಇರುತ್ತದೆ. ಆ ವೇಗ ತಮ್ಮದೇ ಫೋನಿಗೆ, ತಮ್ಮದೇ ಕೇಬಲ್ಲಿಗೆ ಮೀಸಲು. ಬೇರೆಯವರಿಗೆ ಅವು 5 ವೋಲ್ಟ್ 2 ಆಂಪ್ ಕೊಟ್ಟು ಕೈ ತೊಳೆದುಕೊಳ್ಳುವುದುಂಟು. ಹತ್ತು ವ್ಯಾಟಿನ ಅಂಚಿನಲ್ಲಿ ಮಾನಿಟರ್ ಒಮ್ಮೆ ಓಡುತ್ತದೆ, ಒಮ್ಮೆ ಮುಗ್ಗರಿಸುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ವೋಲ್ಟೇಜ್ 160ಕ್ಕೆ ಇಳಿಯುವುದು ಹೊಸದಲ್ಲ. ಅದಕ್ಕಾಗಿ ಮಾನಿಟರನ್ನು ದೂರಬೇಡಿ. ಈ ಚಾರ್ಜರುಗಳ ಮೇಲೆ ‘ಇನ್‌ಪುಟ್ 100–240 ವೋಲ್ಟ್’ ಎಂದು ಅಚ್ಚಾಗಿರುತ್ತದೆ. ಪಂಪ್‌ಸೆಟ್ಟು ಗೊರಗುಟ್ಟುವ ವೋಲ್ಟೇಜಿನಲ್ಲೂ ಅವು ತೆಪ್ಪಗೆ ಕೆಲಸ ಮಾಡುತ್ತವೆ. ಕರೆಂಟೇ ಹೋದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ 50 ವ್ಯಾಟ್-ಅವರ್ ಇದ್ದು, ಲ್ಯಾಪ್‌ಟಾಪ್ ತಾನು 10 ವ್ಯಾಟ್ ಬಳಸುತ್ತಿದ್ದರೆ ಐದು ಗಂಟೆ ಬರುತ್ತದೆ. ಅದರ ಹೆಗಲ ಮೇಲೆ 8 ವ್ಯಾಟಿನ ಮಾನಿಟರ್ ಕೂರಿಸಿದರೆ ಮೂರು ಗಂಟೆಯೂ ಬಾರದು. ಸಿ ಪೋರ್ಟಿನ ಪವರ್ ಬ್ಯಾಂಕ್ ಒಂದನ್ನು ಮಾನಿಟರಿಗೆ ಪ್ರತ್ಯೇಕ ಕೊಡುವುದು ನಾನು ಕಂಡುಕೊಂಡ ದಾರಿ.

ಚಾರ್ಜರ್ ಬದಲಿಸಿದರೂ ಪರದೆ ಸ್ವಲ್ಪವೂ ಬೆಳಗದಿದ್ದರೆ ವಿದ್ಯುತ್ ಒಯ್ಯುವ ಕೇಬಲ್ಲನ್ನೂ ಬದಲಿಸಿ, ಇನ್ನೊಂದು ಸಿ ಪೋರ್ಟನ್ನೂ ಪ್ರಯತ್ನಿಸಿ. ಆಗಲೂ ಕತ್ತಲೇ ಆದರೆ ನೇರ ಕೊನೆಯ ಹಂತಕ್ಕೆ ಹೋಗಿ.

ಹಂತ 3: ಕೇಬಲ್ಲಿನ ಹೊಟ್ಟೆಯೊಳಗೆ ಏನಿದೆ?

ಇದೇ ಮುಖ್ಯ ಹಂತ, ಆದ್ದರಿಂದ ನಿಧಾನಿಸೋಣ.

ಅಡಿಕೆ ತೋಟಕ್ಕೆ ಪೈಪ್ ಹಾಕಿಸಿದವರಿಗೆ ಇದು ಬೇಗ ಹೊಳೆಯುತ್ತದೆ. ಎರಡಿಂಚಿನ ಕಪ್ಲಿಂಗ್ ಕೊಟ್ಟು ನಡುವೆ ಅರ್ಧ ಇಂಚಿನ ಪೈಪ್ ಹಾಕಿದರೆ ಎರಡೂ ತುದಿ ಚೆನ್ನಾಗಿ ಕೂರುತ್ತವೆ, ನೀರು ಮಾತ್ರ ಸ್ಪ್ರಿಂಕ್ಲರ್ ತಿರುಗಿಸುವಷ್ಟು ಬರುವುದಿಲ್ಲ. 2014ರಲ್ಲಿ ಬಂದ ಯುಎಸ್‌ಬಿ-ಸಿ ಎಂಬ ಮೊಟ್ಟೆಯಾಕಾರದ ಬಾಯಿಯ ಕತೆಯೂ ಅಷ್ಟೆ. ಆ ಬಾಯಿಯೊಳಗೆ 24 ಪಿನ್‌ಗಳಿಗೆ ಜಾಗವಿದೆ. ಪೂರ್ತಿ ಕೇಬಲ್ಲಿನಲ್ಲಿ ವಿದ್ಯುತ್ತಿನ ತಂತಿಗಳ ಜೊತೆ ಅತಿವೇಗದ ನಾಲ್ಕು ಜೋಡಿ ತಂತಿಗಳಿರುತ್ತವೆ. ಚಿತ್ರ ಹರಿಯುವುದು ಆ ಜೋಡಿಗಳಲ್ಲಿ. ಫೋನಿನ ಜೊತೆ ಬರುವ ಬಹುಪಾಲು ಚಾರ್ಜಿಂಗ್ ಕೇಬಲ್ಲುಗಳಲ್ಲಿ ಖರ್ಚು ಉಳಿಸಲು ಆ ನಾಲ್ಕು ಜೋಡಿಗಳನ್ನು ಹಾಕಿರುವುದೇ ಇಲ್ಲ. ಹಾಗೆ ಮಾಡುವುದು ಮೋಸವೂ ಅಲ್ಲ, ಯುಎಸ್‌ಬಿ ನಿಯಮವೇ ಅದನ್ನು ಒಪ್ಪುತ್ತದೆ.

ಸಾಧಾರಣ ಕೇಬಲ್ಲಿನಲ್ಲೇ ಚಿತ್ರವನ್ನೂ ನುಗ್ಗಿಸಿದರೆ ಆಗದೇ ಎಂದು ಅಕ್ಕನ ಮಗ ಕೇಳಿದ್ದ. ಲೆಕ್ಕ ಹಾಕಿ ತೋರಿಸಿದೆ. 1920 × 1080 ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್. ಇಡೀ ಪರದೆ ಸೆಕೆಂಡಿಗೆ 60 ಸಲ ಹೊಸದಾಗಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್. ಚಾರ್ಜಿಂಗ್ ಕೇಬಲ್ಲಿನಲ್ಲಿರುವ ಯುಎಸ್‌ಬಿ 2.0 ತಂತಿಗಳ ಮಿತಿ ಸೆಕೆಂಡಿಗೆ 48 ಕೋಟಿ. ನುಗ್ಗಿಸಿದರೂ ಹಿಡಿಸುವುದಿಲ್ಲ.

ಹಾಗಾದರೆ ಪೂರ್ತಿ ಕೇಬಲ್ ಗುರುತಿಸುವುದು ಹೇಗೆ? ಮಾನಿಟರಿನ ಪೆಟ್ಟಿಗೆಯಲ್ಲೇ ಬಂದ ಸಿ–ಸಿ ಕೇಬಲ್ ಇದ್ದರೆ ಅದನ್ನು ಮೊದಲು ಹುಡುಕಿ. ಅದು ಕಳೆದಿದ್ದರೆ ಪ್ಲಗ್ಗಿನ ಮೇಲೆ 10 ಜಿಬಿಪಿಎಸ್, 20 ಜಿಬಿಪಿಎಸ್, 40 ಜಿಬಿಪಿಎಸ್ ಎಂದೋ ಮಿಂಚಿನ ಗುರುತೋ ಇದೆಯೇ ನೋಡಿ. ಇದ್ದರೆ ವೇಗದ ತಂತಿ ಇದೆ. ದಪ್ಪವಾಗಿದ್ದು, ಬಗ್ಗಲು ತುಸು ಹಟ ಮಾಡುವ ಕೇಬಲ್ ಆಗಿದ್ದರೆ ಆಸೆ ಇಟ್ಟುಕೊಳ್ಳಬಹುದು, ಖಾತ್ರಿಯಿಲ್ಲ. ಖಾತ್ರಿ ಬೇಕಾದರೆ ಸಿ ಪೋರ್ಟಿನ ಎಸ್‌ಎಸ್‌ಡಿ ಒಂದನ್ನು ಆ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ದೊಡ್ಡ ಫೈಲ್ ಕಾಪಿ ಮಾಡಿ. ಸೆಕೆಂಡಿಗೆ 40 ಎಂಬಿಯ ಆಸುಪಾಸಿನಲ್ಲೇ ತೆವಳಿದರೆ ಅದು ಚಾರ್ಜಿಂಗ್ ಕೇಬಲ್. ನೂರಾರು ಎಂಬಿಗೆ ಏರಿದರೆ ವೇಗದ ತಂತಿಗಳಿವೆ.

ಬಹಳ ಜನ ಮೋಸ ಹೋಗುವುದು ವ್ಯಾಟ್ ಅಂಕಿಯಲ್ಲಿ. ಕೇಬಲ್ ಮೇಲೆ 100 ವ್ಯಾಟ್, 240 ವ್ಯಾಟ್ ಎಂದಿದ್ದರೆ ಅದು ವಿದ್ಯುತ್ತಿನ ಮಾತು ಮಾತ್ರ. ದುಬಾರಿ ಲ್ಯಾಪ್‌ಟಾಪಿನ ಜೊತೆ ಬಂದ, ನೋಡಲು ಗಟ್ಟಿಮುಟ್ಟಾದ 100 ವ್ಯಾಟಿನ ಚಾರ್ಜಿಂಗ್ ಕೇಬಲ್ಲಿನಲ್ಲೂ ಚಿತ್ರದ ತಂತಿ ಇಲ್ಲದಿರಬಹುದು. ಅಂಗಡಿಯಲ್ಲಿ ಕೇಳುವಾಗ ‘ಫಾಸ್ಟ್ ಕೇಬಲ್ ಕೊಡಿ’ ಅನ್ನಬೇಡಿ, ಕೊಡುವುದು ಚಾರ್ಜಿಂಗಿನದೇ. ‘ವಿಡಿಯೋ ಬರುವ ಸಿ–ಸಿ ಕೇಬಲ್, ಹತ್ತು ಜಿಬಿಪಿಎಸ್‌ನದು’ ಎಂದು ಕೇಳಿ.

ಒಂದು ಮೀಟರಿನ ಕೇಬಲ್ ಸಾಕು. ವೇಗ ಹೆಚ್ಚಿದಂತೆ ಸಾದಾ ತಂತಿಯಲ್ಲಿ ಸಿಗ್ನಲ್ ದೂರ ಹೋಗಲಾರದು. ಎರಡು ಮೀಟರ್ ದಾಟಿದ ಅಗ್ಗದ ಕೇಬಲ್ ತಂದು ಮಂಚದ ಮೇಲೆ ಮಲಗಿ ಸಿನಿಮಾ ನೋಡುತ್ತೇನೆ ಎಂದವರ ಪರದೆ ಮಿನುಗುವುದನ್ನು ಕಂಡಿದ್ದೇನೆ. ಸಿ ಕೇಬಲ್ಲಿಗೆ ಎಕ್ಸ್‌ಟೆನ್ಶನ್ ಹಾಕುವುದನ್ನು ಯುಎಸ್‌ಬಿ ನಿಯಮವೇ ಒಪ್ಪುವುದಿಲ್ಲ. ತುದಿಯಲ್ಲಿ ಅಯಸ್ಕಾಂತ ಇರುವ ಬಣ್ಣಬಣ್ಣದ ಕೇಬಲ್ಲುಗಳನ್ನು ಫೋನಿಗೇ ಬಿಡಿ. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಸಿ ಇರುವ ಕೇಬಲ್ಲಿನಲ್ಲಿ ಈ ಬಗೆಯ ಚಿತ್ರ ಹರಿಯುವುದೇ ಇಲ್ಲ, ಎಷ್ಟೇ ದುಡ್ಡು ಕೊಟ್ಟು ತಂದರೂ.

ಹಂತ 4: ಲ್ಯಾಪ್‌ಟಾಪಿನ ಪೋರ್ಟು ಚಿತ್ರ ಕೊಡುತ್ತದೆಯೇ?

ಕೇಬಲ್ ಸರಿ ಇದ್ದೂ ‘ನೋ ಸಿಗ್ನಲ್’ ಬರುತ್ತಿದ್ದರೆ ಅನುಮಾನ ಲ್ಯಾಪ್‌ಟಾಪಿನ ಮೇಲೆ. ಸಿ ಪೋರ್ಟಿನಿಂದ ಚಿತ್ರ ಹೊರಡಲು ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯವನ್ನು ಲ್ಯಾಪ್‌ಟಾಪ್ ಮಾಡುವವರು ಒಳಗೆ ಕೊಟ್ಟಿರಬೇಕು. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸಿ ಪೋರ್ಟ್ ಬರೀ ಡೇಟಾಕ್ಕೆ, ಹೆಚ್ಚೆಂದರೆ ಚಾರ್ಜಿಂಗಿಗೆ.

ಪೋರ್ಟಿನ ಪಕ್ಕ ಮಿಂಚಿನ ಗುರುತಿದ್ದರೆ ಥಂಡರ್‌ಬೋಲ್ಟ್, ಚಿತ್ರ ಖಂಡಿತ ಬರುತ್ತದೆ. ಇಂಗ್ಲಿಷಿನ ‘ಡಿ’ ಅಕ್ಷರದೊಳಗೆ ‘ಪಿ’ ಕೂತಂತಿರುವ ಸಣ್ಣ ಗುರುತಿದ್ದರೆ ಅದು ಡಿಸ್‌ಪ್ಲೇಪೋರ್ಟ್, ಅಲ್ಲೂ ಬರುತ್ತದೆ. ಬರೀ ತ್ರಿಶೂಲದ ಗುರುತಿದ್ದರೆ ಡೇಟಾ ಇದೆ ಎಂದಷ್ಟೇ ಅರ್ಥ. ಬ್ಯಾಟರಿಯ ಚಿತ್ರ ಚಾರ್ಜಿಂಗಿನದು. ಗುರುತೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಮಾದರಿ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹುಡುಕಿ, ಪೋರ್ಟುಗಳ ಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಎಂಬ ಪದ ಇದೆಯೇ ನೋಡಿ. ಎರಡು ಸಿ ಪೋರ್ಟು ಇರುವ ಲ್ಯಾಪ್‌ಟಾಪಿನಲ್ಲಿ ಒಂದಕ್ಕಿದ್ದು ಇನ್ನೊಂದಕ್ಕಿಲ್ಲದ ಉದಾಹರಣೆಗಳಿವೆ. ಎರಡನ್ನೂ ಪ್ರಯತ್ನಿಸಿ.

ಫೋನನ್ನು ಮಾನಿಟರಿಗೆ ಹಾಕಬೇಕೆನ್ನುವವರಿಗೂ ಇದೇ ಪ್ರಶ್ನೆ. ಸ್ಯಾಮ್‌ಸಂಗ್ ತನ್ನ ಮೇಲ್ದರ್ಜೆಯ ಗ್ಯಾಲಕ್ಸಿ ಎಸ್ ಸಾಲಿನಲ್ಲಿ 2017ರ ಎಸ್8ರಿಂದ ಹೊರಗಿನ ಪರದೆಗೆ ಚಿತ್ರ ಕಳಿಸುವ ಡೆಕ್ಸ್ ಎಂಬ ವ್ಯವಸ್ಥೆ ಕೊಟ್ಟಿತು. ಐಫೋನಿಗೆ ಸಿ ಪೋರ್ಟ್ ಬಂದದ್ದು 2023ರ ಐಫೋನ್ 15ರಲ್ಲಿ, ಅಲ್ಲಿಂದ ಚಿತ್ರವೂ ಹೊರಡುತ್ತದೆ. ಹದಿನೈದು ಇಪ್ಪತ್ತು ಸಾವಿರದ ಸಾಮಾನ್ಯ ಆಂಡ್ರಾಯ್ಡ್ ಫೋನಿನ ಮೇಲೆ ಆಸೆ ಬೇಡ. ಬಾಯಿ ಸಿ ಆದರೂ ಒಳಗಿರುವುದು ಹೆಚ್ಚಾಗಿ ಯುಎಸ್‌ಬಿ 2.0.

ಮ್ಯಾಕ್‌ಬುಕ್ ಏರ್ ಇರುವವರಿಗೆ ಒಂದು ಮಾತು. ಎಂ1, ಎಂ2 ಚಿಪ್ಪಿನ ಏರ್‌ಗಳು ತಾವಾಗಿ ಒಂದೇ ಹೊರಗಿನ ಪರದೆ ನಡೆಸುತ್ತವೆ. ಈಗಾಗಲೇ ಒಂದು ಮಾನಿಟರ್ ಹಾಕಿದ್ದು, ಎರಡನೆಯದು ಬರುತ್ತಿಲ್ಲವೆಂದು ಕೇಬಲ್ ಬದಲಿಸುತ್ತ ಕೂತರೆ ದುಡ್ಡು ದಂಡ.

ಹಂತ 5: ಎಚ್‌ಡಿಎಂಐ ದಾರಿ

ಸಿ ಪೋರ್ಟಿನಿಂದ ಚಿತ್ರ ಬಾರದು ಎಂದು ಖಾತ್ರಿಯಾದರೆ ಬೇಸರ ಬೇಡ, ಲ್ಯಾಪ್‌ಟಾಪಿನ ಎಚ್‌ಡಿಎಂಐ ಇದೆಯಲ್ಲ. ಈ ದಾರಿಯಲ್ಲಿ ಎರಡು ಕೇಬಲ್ ಬೇಕು: ಚಿತ್ರಕ್ಕೆ ಎಚ್‌ಡಿಎಂಐ, ವಿದ್ಯುತ್ತಿಗೆ ಸಿ. ಎಚ್‌ಡಿಎಂಐನಲ್ಲೂ 5 ವೋಲ್ಟಿನ ಒಂದು ತಂತಿ ಇದೆ, ಆದರೆ ಅದು ಕೊಡಬೇಕಾದದ್ದು 55 ಮಿಲಿಆಂಪ್ ಮಾತ್ರ, ಕಾಲು ವ್ಯಾಟಿಗಿಂತ ತುಸು ಹೆಚ್ಚು. ಅದರಲ್ಲಿ ಪರದೆ ಬೆಳಗುವುದಿಲ್ಲ. ‘ಎಚ್‌ಡಿಎಂಐ ಹಾಕಿದೆ, ಮಾನಿಟರ್ ಆನ್ ಆಗಲಿಲ್ಲ’ ಎನ್ನುವವರು ಹೆಚ್ಚಾಗಿ ಎರಡನೆಯ ಕೇಬಲ್ ಮರೆತವರು.

ಅಳತೆ ನೋಡಿ ಕೊಳ್ಳಿ. ಟಿವಿಯ ಹಿಂದಿರುವ ದೊಡ್ಡ ಎಚ್‌ಡಿಎಂಐ ಬಾಯಿ ಸುಮಾರು 14 ಮಿಲಿಮೀಟರ್ ಅಗಲ, ಮಿನಿ ಸುಮಾರು 10, ಮೈಕ್ರೋ ಸುಮಾರು 6. ಪೋರ್ಟಬಲ್ ಮಾನಿಟರಿನಲ್ಲಿರುವುದು ಸಾಮಾನ್ಯವಾಗಿ ಮಿನಿ. ಮೈಕ್ರೋ ಎಂಬುದು ರಾಸ್ಪ್‌ಬೆರಿ ಪೈ 4ರಂಥ ಸಣ್ಣ ಬೋರ್ಡುಗಳಲ್ಲಿ ಕಾಣುತ್ತದೆ. ಎರಡರ ಹೆಸರೂ ‘ಚಿಕ್ಕದು’ ಎಂದೇ ಆದ್ದರಿಂದ ಅಂಗಡಿಯವರೂ ತಪ್ಪುತ್ತಾರೆ, ನಾವೂ ತಪ್ಪುತ್ತೇವೆ. ಮಾನಿಟರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಇಲ್ಲೊಂದು ದೊಡ್ಡ ಹೊಂಡ ಇದೆ. ಬೆಂಗಳೂರಿನಲ್ಲಿರುವ ಸ್ನೇಹಿತನೊಬ್ಬನ ಮಾನಿಟರಿನಲ್ಲಿ ಇದ್ದದ್ದು ಸಿ ಪೋರ್ಟು ಮಾತ್ರ, ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ. ಎಸ್.ಪಿ. ರಸ್ತೆಗೆ ಹೋಗಿ ‘ಸಿ ಟು ಎಚ್‌ಡಿಎಂಐ’ ಕೇಬಲ್ ಕೇಳಿದ, ಕೊಟ್ಟರು. ಎರಡೂ ತುದಿ ಸರಿಯಾಗಿ ಕೂತವು, ಚಿತ್ರ ಬರಲಿಲ್ಲ. ಬದಲಿಸಿ ಇನ್ನೊಂದು ತಂದ, ಅದೂ ಹಾಗೆ. ಈ ಕೇಬಲ್ಲಿನೊಳಗೆ ಒಂದು ಚಿಪ್ ಇರುತ್ತದೆ, ಅದು ಏಕಮುಖ ರಸ್ತೆ. ಸಿ ತುದಿಯಿಂದ ಹೊರಟ ಚಿತ್ರವನ್ನು ಎಚ್‌ಡಿಎಂಐ ಮಾಡಿ ಕಳಿಸುತ್ತದೆ. ಎಚ್‌ಡಿಎಂಐಯಿಂದ ಹೊರಟು ಸಿ ಕಡೆಗೆ ಹೋಗಲು ಬಿಡುವುದಿಲ್ಲ. ಅದಕ್ಕೆ ಬೇರೆಯೇ ಪರಿವರ್ತಕ ಬೇಕು, ಅದರ ಮೇಲೆ ‘ಎಚ್‌ಡಿಎಂಐ ಇನ್‌ಪುಟ್, ಸಿ ಔಟ್‌ಪುಟ್’ ಎಂದು ಸ್ಪಷ್ಟವಾಗಿ ಬರೆದಿರಬೇಕು. ಚಿತ್ರ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂಬುದನ್ನು ಹಂತ 1ರ ಚೀಟಿಯಲ್ಲಿ ಬಾಣ ಎಳೆದು ಬರೆದುಕೊಳ್ಳಿ, ಆ ಚೀಟಿಯನ್ನೇ ಅಂಗಡಿಯವರಿಗೆ ತೋರಿಸಿ.

ಸಿ ಪೋರ್ಟಿನಲ್ಲಿ ಚಿತ್ರವೂ ಇಲ್ಲ, ಎಚ್‌ಡಿಎಂಐಯೂ ಇಲ್ಲ ಎಂಬ ಲ್ಯಾಪ್‌ಟಾಪಿಗೆ ಡಿಸ್‌ಪ್ಲೇಲಿಂಕ್ ಎಂಬ ಅಡಾಪ್ಟರ್ ಉಳಿದಿದೆ. ಅದು ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ಯುಎಸ್‌ಬಿಯಲ್ಲೇ ಕಳಿಸುತ್ತದೆ. ಅದಕ್ಕೆ ತಂತ್ರಾಂಶ ಹಾಕಿಕೊಳ್ಳಬೇಕು. ಬರೆಯಲು, ಓದಲು, ಎಕ್ಸೆಲ್‌ಗೆ ಚೆನ್ನಾಗಿದೆ. ಆಟಕ್ಕೆ ಬೇಡ.

ಹಂತ 6: ಜೋಡಿಸುವ ಕ್ರಮ, ಒತ್ತುವ ಗುಂಡಿ

ಈಗ ಎಲ್ಲವನ್ನೂ ಬಿಚ್ಚಿ. ಅರ್ಧ ನಿಮಿಷ ಹಾಗೇ ಬಿಡಿ. ಮೊದಲು ಮಾನಿಟರಿಗೆ ವಿದ್ಯುತ್, ಲಾಂಛನ ಬಂದ ಮೇಲೆ ಚಿತ್ರದ ಕೇಬಲ್. ಹತ್ತು ಸೆಕೆಂಡು ಕಾಯಿರಿ. ಪರದೆ ಮತ್ತು ಲ್ಯಾಪ್‌ಟಾಪ್ ಪರಸ್ಪರ ಪರಿಚಯ ಮಾಡಿಕೊಳ್ಳಬೇಕು. ನಾನು ಇಷ್ಟು ಅಳತೆಯವನು, ಇಷ್ಟು ವೇಗದವನು ಎಂದು ಮಾನಿಟರ್ ತಿಳಿಸಿದ ಮೇಲೆಯೇ ಚಿತ್ರ ಹೊರಡುವುದು.

ಬರಲಿಲ್ಲವೇ? ಮಾನಿಟರಿನ ಬಟನ್ ಒತ್ತಿ ಮೆನು ತೆಗೆದು ಇನ್‌ಪುಟ್ ನೋಡಿ. ಕೇಬಲ್ ಸಿ ಆಗಿದ್ದು ಮೆನು ಎಚ್‌ಡಿಎಂಐ ಮೇಲೆ ನಿಂತಿದ್ದರೆ ಎಷ್ಟು ಕಾದರೂ ಅಷ್ಟೆ.

ವಿಂಡೋಸಿನಲ್ಲಿ ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಮೊದಲನೆಯದು ಲ್ಯಾಪ್‌ಟಾಪ್ ಪರದೆ ಮಾತ್ರ, ಅದರಲ್ಲಿ ನಿಂತಿದ್ದರೆ ಎರಡನೆಯ ಪರದೆ ಕಪ್ಪಾಗಿರುವುದು ಸಹಜ. ‘ಡುಪ್ಲಿಕೇಟ್’ ಒತ್ತಿ ಚಿತ್ರ ಬರುತ್ತದೆಯೇ ಪರೀಕ್ಷಿಸಿ, ಬಂದರೆ ‘ಎಕ್ಸ್‌ಟೆಂಡ್’ ಮಾಡಿಕೊಳ್ಳಿ. ಆಗ ಎರಡೂ ಸೇರಿ ಒಂದು ಉದ್ದನೆಯ ಮೇಜಿನ ಹಾಗಾಗುತ್ತವೆ. ಆದರೂ ಕಾಣದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ‘ಬಿ’ ಒತ್ತಿ. ಪರದೆ ಒಮ್ಮೆ ಮಿಣುಕಿ, ಗ್ರಾಫಿಕ್ಸ್ ಡ್ರೈವರ್ ಮರುಪ್ರಾರಂಭವಾಗುತ್ತದೆ. ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ. ನಾನು ಎರಡು ದಿನ ಡ್ರೈವರ್ ಕಿತ್ತು ಹಾಕಿದ್ದಕ್ಕಿಂತ ಇದು ಎಷ್ಟೋ ವಾಸಿ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ‘ಡಿಟೆಕ್ಟ್’ ಗುಂಡಿಯೂ ಇದೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ತೆರೆದು ಆಪ್ಶನ್ ಕೀ ಹಿಡಿದರೆ ಅಂಥದ್ದೇ ಗುಂಡಿ ಕಾಣುತ್ತದೆ.

ಎಡಗಡೆ ಇಟ್ಟ ಮಾನಿಟರಿಗೆ ಮೌಸ್ ಬಲಗಡೆಯಿಂದ ಹೋಗುತ್ತಿದ್ದರೆ ಅದೇ ಡಿಸ್‌ಪ್ಲೇ ಪುಟದಲ್ಲಿ 1, 2 ಎಂದು ಬರೆದ ಚೌಕಗಳನ್ನು ಎಳೆದು ಸರಿಯಾದ ಕಡೆ ಕೂರಿಸಿ.

ಹಂತ 7: ಬರುತ್ತದೆ, ಆದರೆ ಮಿನುಗುತ್ತದೆ

ಬೆಳಕು ಕಡಿಮೆ ಮಾಡಿದಾಗ ಮಿನುಗು ನಿಂತರೆ ತೊಂದರೆ ವಿದ್ಯುತ್ತಿನದು, ಹಂತ 2ಕ್ಕೆ ಮರಳಿ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ಇಳಿಸಿದಾಗ ನಿಂತರೆ ಕೇಬಲ್ ಸುಸ್ತಾಗಿದೆ. ಕೇಬಲ್ ಅಲುಗಾಡಿಸಿದಾಗ ಬಂದು ಹೋಗುತ್ತಿದ್ದರೆ ಪ್ಲಗ್ಗು ಸಡಿಲ, ಇಲ್ಲವೇ ಪೋರ್ಟಿನಲ್ಲಿ ಕಸ. ಸಿ ಪ್ಲಗ್ಗನ್ನು ತಿರುಗಿಸಿ, ಅಂದರೆ ಮೇಲಿನ ಮುಖ ಕೆಳಗೆ ಮಾಡಿ, ಸಿಕ್ಕಿಸಿ ನೋಡಿ. ಒಂದು ಕಡೆಯ ಪಿನ್ ಸವೆದಿದ್ದರೆ ಹೀಗೆ ತಿರುಗಿಸಿದಾಗ ಕೆಲಸ ಮಾಡುವುದುಂಟು. ಅದು ಹೊಸ ಕೇಬಲ್ ತರಬೇಕು ಎಂಬುದರ ಸೂಚನೆ.

ಕಸ ತೆಗೆಯುವಾಗ ಎಲ್ಲವನ್ನೂ ಆಫ್ ಮಾಡಿ, ಒಣಗಿದ ಮರದ ಟೂತ್‌ಪಿಕ್ಕಿನಿಂದ ಮೆಲ್ಲಗೆ ಕೆದಕಿ. ಸೂಜಿ, ಪಿನ್ನು ಬೇಡವೇ ಬೇಡ. ಸಿ ಪೋರ್ಟಿನ ನಡುವೆ ಇರುವ ತೆಳ್ಳಗಿನ ನಾಲಗೆ ಮುರಿದರೆ ಆಗ ನಿಜವಾಗಿಯೂ ಬೋರ್ಡಿನ ಕೆಲಸ. ಬಾಯಿಂದ ಊದುವುದೂ ಬೇಡ, ಎಂಜಲು ಹಾರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಪಿನ್‌ಗಳ ಮೇಲೆ ಕಿಲುಬು ಕೂರುತ್ತದೆ. ನಮ್ಮ ಮನೆಯಲ್ಲಂತೂ ಒಮ್ಮೆ ಎಚ್‌ಡಿಎಂಐ ಬಾಯಿಯೊಳಗೆ ಸಣ್ಣ ಇರುವೆಗಳು ಸಂಸಾರ ಹೂಡಿದ್ದವು. ಬಳಸದ ದಿನಗಳಲ್ಲಿ ಮಾನಿಟರನ್ನು ಜಿಪ್ ಇರುವ ಚೀಲದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಇಡಿ.

ಪೋರ್ಟಬಲ್ ಮಾನಿಟರಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಪ್ಲಗ್ಗಿನ ಕುತ್ತಿಗೆ. ಪ್ಲಗ್ಗು ಹಾಕಿಟ್ಟುಕೊಂಡೇ ಮಾನಿಟರನ್ನು ಮಡಚುವುದು, ಅದರ ಮೇಲೆ ಭಾರ ಬೀಳುವಂತೆ ಒರಗಿಸುವುದು ಬಿಡಿ. ಸಿ ಬಾಯಿಯನ್ನು 10,000 ಸಲ ಸಿಕ್ಕಿಸಿ ತೆಗೆಯಲು ತಾಳುವಂತೆ ರೂಪಿಸಿದ್ದಾರೆ. ನೇರ ಸಿಕ್ಕಿಸಿ ನೇರ ತೆಗೆದರೆ ವರ್ಷಗಟ್ಟಲೆ ಬರುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಎಲ್ ಆಕಾರದ ತುದಿಯ ಕೇಬಲ್ ಅನುಕೂಲ.

ಎಲ್ಲವೂ ಕಾಣುತ್ತಿದ್ದು, ಸಿನಿಮಾ ಆ್ಯಪ್ ತೆರೆದಾಗ ಮಾತ್ರ ಪರದೆ ಕಪ್ಪಾದರೆ ಅದು ನಕಲು ತಡೆಯುವ ಎಚ್‌ಡಿಸಿಪಿ ಬೀಗದ ಪ್ರಭಾವ. ನಡುವಿನ ಅಗ್ಗದ ಅಡಾಪ್ಟರ್ ತೆಗೆದು ನೇರ ಕೇಬಲ್ ಹಾಕಿ ನೋಡಿ.

ಹಂತ 8: ಅಂಗಡಿಗೆ ಹೊರಡುವ ಮೊದಲು

ಇದೇ ಮಾನಿಟರನ್ನು ಇದೇ ಕೇಬಲ್ಲಿನಲ್ಲಿ ಬೇರೆ ಲ್ಯಾಪ್‌ಟಾಪಿಗೆ ಹಾಕಿ. ಬಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ತೊಂದರೆ. ಬಾರದಿದ್ದರೆ ಎಚ್‌ಡಿಎಂಐ ಮೂಲಕ ಮನೆಯ ಸೆಟ್‌ಟಾಪ್ ಬಾಕ್ಸಿಗೆ ಹಾಕಿ. ಅಲ್ಲಿ ಚಿತ್ರ ಬಂದರೆ ಮಾನಿಟರಿನ ಪರದೆ ಚೆನ್ನಾಗಿದೆ, ಸಿ ಪೋರ್ಟಿನಲ್ಲಿ ಮಾತ್ರ ದೋಷ. ಅಲ್ಲೂ ಬಾರದೆ, ಸರಿಯಾದ ಚಾರ್ಜರಿನಲ್ಲೂ ಬೆಳಗದೆ ಹೋದರೆ ಮಾನಿಟರ್ ಕೆಟ್ಟಿದೆ ಎಂದು ಒಪ್ಪಿಕೊಳ್ಳಿ. ಮೊದಲು ಬಿಲ್ ಹುಡುಕಿ ವಾರಂಟಿ ಇದೆಯೇ ನೋಡಿ, ವಾರಂಟಿ ಇರುವಾಗ ಸ್ಥಳೀಯ ಅಂಗಡಿಯಲ್ಲಿ ಬಿಚ್ಚಿಸಬೇಡಿ. ವಾರಂಟಿ ಮುಗಿದಿದ್ದರೆ ಏನೇನು ಪರೀಕ್ಷಿಸಿದಿರಿ ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆದು ರಿಪೇರಿಯವರಿಗೆ ಕೊಡಿ. ಆ ಚೀಟಿ ನೋಡಿದ ಮೇಲೆ ‘ಬೋರ್ಡ್ ಹೋಗಿದೆ’ ಎಂದು ಸುಮ್ಮನೆ ಹೇಳುವುದು ಕಷ್ಟ.

ಹೊಸದಾಗಿ ಕೊಳ್ಳುವವರು ಅಂಗಡಿಗೆ ನಿಮ್ಮದೇ ಲ್ಯಾಪ್‌ಟಾಪ್ ಒಯ್ಯಿರಿ. ಪೆಟ್ಟಿಗೆಯಲ್ಲಿ ಬರುವ ಕೇಬಲ್ಲಿನಲ್ಲೇ ಜೋಡಿಸಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಐದು ನಿಮಿಷ ಓಡಿದ ಮೇಲೆ ದುಡ್ಡು ಕೊಡಿ.

ನನ್ನ ಕಪ್ಪು ಕೇಬಲ್ ಅಕ್ಕನ ಮನೆಯಿಂದ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬಂತು. ಎರಡೂ ತುದಿಗೆ ಕೆಂಪು ದಾರ ಕಟ್ಟಿದ್ದೇನೆ. ನೆಂಟರ ಫೋನಿಗೆಂದು ಬೇರೆ ಎರಡು ಚಾರ್ಜಿಂಗ್ ಕೇಬಲ್ ತಂದು ಜಗಲಿಯ ಮೊಳೆಗೆ ತೂಗುಹಾಕಿದೆ. ಹಬ್ಬ ಹತ್ತಿರ ಬಂದಾಗ ಕಪ್ಪು ಕೇಬಲ್ ಕಪಾಟಿನೊಳಗೆ ಹೋಗುತ್ತದೆ, ಬೀಗದ ಕೈ ನನ್ನ ಬಳಿ ಇರುತ್ತದೆ.